ಮೊದಲೇ ತುಂಬಿಟ್ಟ ತೊಟ್ಟಿ

ಆಫೀಸಿನಲ್ಲಿ ಆಕೆಗೆ ಎರಡು ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ತುಂಬಿದ ಕೊಡ. ಮಾತು ಕಡಿಮೆ, ತುಳುಕುವ ಹೆಣ್ಣಲ್ಲ ಎಂಬುದು ಒಂದು ಕಾರಣ. ಕಂಡದ್ದನ್ನೆಲ್ಲ ಮೊದಲೇ ತುಂಬಿಡುವ ಅವಳ ಚಾಳಿ ಇನ್ನೊಂದು. ಬಾಟಲಿ ಅರ್ಧಕ್ಕಿಳಿದರೆ ಎದ್ದು ಹೋಗಿ ನೀರು ತುಂಬಿಸಿಕೊಂಡು ಬರುವಳು. ಪ್ರಿಂಟರಿನಲ್ಲಿ ಕಾಗದ ಇನ್ನೂ ಇರುವಾಗಲೇ ಹೊಸ ಕಟ್ಟು ಬಿಚ್ಚುವಳು. ಮನೆಯಲ್ಲಿ ನಾಳೆಯ ತರಕಾರಿ ಇವತ್ತೇ ಹೆಚ್ಚಿ ಡಬ್ಬಿ ಸೇರಿರುತ್ತದೆ, ನಾಡಿದ್ದು ತೊಡುವ ಬಟ್ಟೆ ಇಸ್ತ್ರಿಯಾಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿರುತ್ತದೆ. "ನಾಳೆ ಆಡೋ ಜಗಳಾನೂ ಇವತ್ತೇ ಆಡಿ ಮುಗಿಸ್ತೀಯಲ್ಲ" ಎಂದು ಗಂಡ ರೇಗಿಸುತ್ತಾನೆ. ಅದಕ್ಕೆ ಅವಳದು ಯಾವಾಗಲೂ ಒಂದೇ ಉತ್ತರ, ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕ್ಕಾಗುತ್ತಾ?

ಈ ಗುಣ ಅಮ್ಮನಿಂದ ಬಂದದ್ದು. ಅಕ್ಕತಂಗಿಯರು ಚಿಕ್ಕವರಿದ್ದಾಗ ಬೀದಿ ಮೂಲೆಯ ನಲ್ಲಿಗೆ ನೀರು ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಬಂದಾಗ ಅಮ್ಮ ಮನೆಯಲ್ಲಿದ್ದ ಪಾತ್ರೆಪಡಗವನ್ನೆಲ್ಲ ಹೊತ್ತು ಓಡುತ್ತಿದ್ದಳು. ತುಂಬಿದ ಕೊಡಗಳನ್ನು ಮನೆಗೆ ಸಾಗಿಸುವಷ್ಟು ಹೊತ್ತು ಉಳಿದ ಕೊಡಗಳಿಗೆ ಕಾವಲು ಬೇಕಲ್ಲ, ಹೆಣ್ಣುಮಕ್ಕಳಿಬ್ಬರನ್ನೂ ನಲ್ಲಿಯ ಕಟ್ಟೆಯ ಮೇಲೆ ಕೂರಿಸುತ್ತಿದ್ದಳು. ಅಕ್ಕ ಕೊಡ ಕಾಯುತ್ತಿದ್ದಳು, ತಂಗಿ ಅಕ್ಕನ ಜಡೆ ಎಳೆಯುತ್ತಿದ್ದಳು. ತಂಗಿಯ ಮದುವೆಗೆ ಎಷ್ಟೋ ಮೊದಲೇ ಆ ಓಣಿ ಬಿಟ್ಟು ಊರಿನ ಈ ತುದಿಗೆ ಬಂದದ್ದಾಯಿತು. ಅಮ್ಮ ತೀರಿಕೊಂಡಳು. ತುಂಬಿಡುವ ಚಾಳಿ ಮಾತ್ರ ಅಕ್ಕನ ಕೈಯಲ್ಲಿ ಉಳಿಯಿತು.

ಆ ಚಾಳಿಯನ್ನು ಅವಳು ತಾನು ಬರೆಯುವ ಕಂಪ್ಯೂಟರ್ ಪ್ರೋಗ್ರಾಮಿನೊಳಗೂ ಕೊಂಡೊಯ್ದಳು. ಎಡವಟ್ಟಾದದ್ದು ಅಲ್ಲೇ.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಅಲ್ಲಿ ತಯಾರಾಗುವುದು ಮಾತಿಗೆ ಬೀಗ ಹಾಕುವ ಒಂದು ಆ್ಯಪ್. ಇಬ್ಬರು ಮಾತಾಡಬೇಕಾದರೆ ಅವರಿಗೊಂದು 'ಕೋಣೆ' ತೆರೆಯುತ್ತದೆ. ಆ ಕೋಣೆಗೊಂದು ಸಂಖ್ಯೆ, ಒಂದು ಕೀಲಿ. ಒಳಗಿನ ಮಾತು ಹೊರಗಿನವರಿಗೆ ಬರೀ ಗಜಿಬಿಜಿ, ಆ್ಯಪ್ ಮಾಡಿದವರಿಗೂ ಕಾಣುವುದಿಲ್ಲ. ಇದರ ಗುಟ್ಟೆಲ್ಲ ಕೀಲಿಯಲ್ಲಿದೆ. ಯಾರೂ ಊಹಿಸಲಾಗದ ಅಂಕಿಗಳಿಂದ ಅದು ಆಗಬೇಕು, ದಾಳ ಎಸೆದು ಎಸೆದು ಬಿದ್ದದ್ದನ್ನು ಜೋಡಿಸಿದ ಹಾಗೆ. ಕಂಪ್ಯೂಟರಿಗೋ ದಾಳ ಎಸೆಯುವುದೆಂದರೆ ಮಹಾ ಸೋಮಾರಿತನ. ಪಾಪ, ಹೇಳಿದ್ದನ್ನು ಹೇಳಿದಂತೆ ಮಾಡುವ ಯಂತ್ರ ಅದು. ತಲೆಬುಡವಿಲ್ಲದ್ದನ್ನು ಹುಟ್ಟಿಸು ಎಂದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿಯತನಕ ಫೋನಿನಲ್ಲಿ ಒಂದು ಚಕ್ರ ಸುತ್ತುತ್ತಲೇ ಇರುತ್ತದೆ.

ಆ ಚಕ್ರ ಅಕ್ಕನ ಕರುಳಿಗೆ ತಾಗಿತ್ತು. ತಂಗಿ ಗಂಡನ ಏಟು ತಿನ್ನುತ್ತಿದ್ದ ಕಾಲದಲ್ಲಿ ಒಂದು ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಮಹಿಳೆಯರ ಆಶ್ರಯ ಕೇಂದ್ರಕ್ಕೆ ಇದೇ ಆ್ಯಪಿನಲ್ಲಿ ಕೋಣೆ ತೆರೆಯಲು ನೋಡಿದ್ದಳು. ಚಕ್ರ ಸುತ್ತಿತು. ಗಂಡ ಬಾಗಿಲು ಗುದ್ದಿದ. ಚಕ್ರ ಸುತ್ತುತ್ತಲೇ ಇತ್ತು. ಅವಳು ಫೋನನ್ನು ಬಟ್ಟೆಯ ಬಕೆಟ್ಟಿನಡಿ ತುರುಕಿ ಬಾಗಿಲು ತೆರೆದಳು. ಅವತ್ತು ಬಿದ್ದ ಏಟಿನ ಗುರುತು ಹುಬ್ಬಿನ ಮೇಲೆ ಇನ್ನೂ ಇದೆ. ಆಮೇಲೆ ಹೇಗೋ ಮಗಳನ್ನು ಕಟ್ಟಿಕೊಂಡು ಆಶ್ರಯ ಸೇರಿದ ಮೇಲೆ, "ನಿನ್ನ ಚಕ್ರ ಸುತ್ತುತ್ತಾನೇ ಇತ್ತು ಕಣೇ ಅಕ್ಕ" ಎಂದು ನಗುತ್ತಲೇ ಹೇಳಿದ್ದಳು. ಅಕ್ಕನಿಗೆ ನಗು ಬರಲಿಲ್ಲ.

ಮರುದಿನವೇ ಅವಳು ಕೆಲಸಕ್ಕೆ ಕೂತಳು. ಯಾರೂ ಕೇಳದೆ ಇರುವಾಗಲೇ, ಬಿಡುವಿನ ಹೊತ್ತಿನಲ್ಲೇ, ಪ್ರೋಗ್ರಾಮು ಹಿಂದೆ ಕೂತು ಸದ್ದಿಲ್ಲದೆ ದಾಳ ಎಸೆಯುತ್ತಿರಬೇಕು. ಬಿದ್ದದ್ದನ್ನೆಲ್ಲ ಒಂದು ತೊಟ್ಟಿಗೆ ತುಂಬುತ್ತಿರಬೇಕು. ಕೋಣೆ ಬೇಕೆಂದವರಿಗೆ ತೊಟ್ಟಿಯಿಂದ ಮೊಗೆದು ಕೊಟ್ಟರಾಯಿತು. ಕಾಯುವುದೇ ಬೇಡ. ಕೆಲಸ ಚೆನ್ನಾಗಿಯೇ ನಡೆಯಿತು. ಆದರೆ ಪ್ರೋಗ್ರಾಮು ಶುರುವಾದಾಗ ಮೊಟ್ಟಮೊದಲು ಬಂದವರು ಮಾತ್ರ ತೊಟ್ಟಿ ತುಂಬುವ ತನಕ ಕಾಯಬೇಕಿತ್ತು. ಆ ಮೊದಲಿನವಳು ಯಾವ ಬಚ್ಚಲುಮನೆಯಲ್ಲಿ ಕೂತಿರುತ್ತಾಳೋ ಯಾರಿಗೆ ಗೊತ್ತು. ಅದಕ್ಕೇ ಅವಳು ತುಂಬುವ ಕೆಲಸವನ್ನು ಇನ್ನೂ ಮುಂದಕ್ಕೆ ತಂದು, ಎಲ್ಲಕ್ಕಿಂತ ಮೊದಲನೆಯ ಸಾಲಿಗೆ ಇಟ್ಟಳು. ತನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಳು. ಕೋಣೆ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಎಡವಟ್ಟಾದ ದಿನ ಬೆಳಗ್ಗೆ ಆಶ್ರಯ ಕೇಂದ್ರದ ಸರ್ವರಿಗೆ ಹೊಸ ಪ್ರೋಗ್ರಾಮು ಹಾಕಿ, ಚಾಲೂ ಮಾಡಿ, ಬಹಳ ದಿನದ ಮೇಲೆ ಸಮಾಧಾನದಿಂದ ಕಾಫಿ ಕುಡಿದಳು.

ಮಧ್ಯಾಹ್ನ ಕೇಂದ್ರದ ಸಮಾಲೋಚಕಿಯ ಫೋನು ಬಂತು. ತಂಗಿಯನ್ನು ಕಾಪಾಡಿದ ಹೆಂಗಸು, ಸುಮ್ಮಸುಮ್ಮನೆ ಕರೆ ಮಾಡುವವಳಲ್ಲ.

"ಅಕ್ಕ, ಒಂದು ವಿಚಿತ್ರ ಆಗಿದೆ. ಇಲ್ಲಿರೋ ಒಬ್ಬ ಹೆಣ್ಣುಮಗಳು ಬೆಳಗ್ಗೆ ನಂಗೆ ಬರೆದಿದ್ಲು, ಮಗೂಗೆ ಜ್ವರ ಕಮ್ಮಿಯಾಯ್ತು ಅಂತ. ಈಗ ಅವಳ ಗಂಡ ಪಕ್ಕದ ಮೇಜಿನವರನ್ನ ಕೇಳ್ತಿದ್ದಾನಂತೆ, ಮಗೂಗೆ ಜ್ವರ ಇತ್ತಾ, ನಂಗ್ಯಾಕೆ ಹೇಳ್ಲಿಲ್ಲ ಅಂತ. ನಾವ್ಯಾರೂ ಹೇಳಿಲ್ಲ. ಅವನಿಗೆ ಹೇಗೆ ಗೊತ್ತಾಯ್ತು?"

ಆ ಕೇಂದ್ರದಲ್ಲಿ ಎರಡು ಮೇಜುಗಳು. ಒಂದು ಹೆಂಗಸರ ಜತೆ ಮಾತಾಡುತ್ತದೆ. ಮಕ್ಕಳನ್ನು ನೋಡುವ ವಿಷಯ, ಸಾಮಾನು ಹಿಂದಿರುಗಿಸುವ ವಿಷಯ ಅಂತ ಇನ್ನೊಂದು ಗಂಡಂದಿರ ಜತೆ ಮಾತಾಡುತ್ತದೆ. ಎರಡರ ನಡುವೆ ಗಾಳಿಯೂ ಆಡಬಾರದು.

"ಬೆಳಗ್ಗೆ ಕೋಣೆಗಳನ್ನ ಹೇಗೆ ತೆರೆದ್ರಿ?"

"ಹೇಗೆ ಅಂದ್ರೆ? ಆಫೀಸಿಗೆ ಬಂದ ತಕ್ಷಣ ದಿನಾ ಹಳೇ ಕೋಣೆ ಮುಚ್ಚಿ ಎಲ್ಲರಿಗೂ ಹೊಸದು ತೆರೀತೀವಿ. ನಮ್ಮ ಹತ್ರ ಸಂಸಾರಗಳ ಫೈಲುಗಳು ಇರ್ತವಲ್ಲ, ಮೇಲಿಂದ ಕೆಳಗೆ."

"ಪಕ್ಕದ ಮೇಜಿನವರು?"

"ಅವರೂ ಅದೇ ಕ್ರಮ. ಅವರ ಹತ್ರಾನೂ ಅದೇ ಫೈಲುಗಳ ನಕಲು ಇದೆ."

ಅಕ್ಕನಿಗೆ ಆಗ ಹೊಳೆಯಿತು. ಒಂದು ಮೇಜಿನ ಕೆಲಸ ಹೆಚ್ಚಾದರೆ ಇನ್ನೊಂದು ನಿಧಾನವಾಗಬಾರದೆಂದು, ಸರ್ವರಿನಲ್ಲಿ ಪ್ರೋಗ್ರಾಮು ಶುರುವಾದ ಕೂಡಲೇ ತನ್ನದೇ ಎರಡು ಪ್ರತಿ ಮಾಡಿಕೊಂಡು, ಮೇಜಿಗೊಂದರಂತೆ ಕಳಿಸುತ್ತದೆ. ಅವಳ ಸ್ವಂತ ಕಂಪ್ಯೂಟರಿನಲ್ಲಿ ಒಂದೇ ಮೇಜು, ಒಂದೇ ಪ್ರತಿ, ಹಾಗಾಗಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಹಿಂದೆ ಪ್ರತಿಗಳು ಬೇರೆಯಾದ ಮೇಲೆ ಒಂದೊಂದೂ ತನ್ನ ತನ್ನ ತೊಟ್ಟಿ ತುಂಬಿಕೊಳ್ಳುತ್ತಿತ್ತು. ಈಗ ಅವಳು ಅವಸರಕ್ಕೆ ಬಿದ್ದು ತುಂಬುವುದನ್ನೇ ಮೊದಲಿಗೆ ತಂದಿದ್ದಾಳೆ. ಅಂದರೆ ತುಂಬಿದ ತೊಟ್ಟಿಯ ಸಮೇತ ಪ್ರತಿಯಾಗಿದೆ. ಇಬ್ಬರ ಕೈಯಲ್ಲೂ ಅದೇ ದಾಳ, ಅದೇ ಕ್ರಮ. ಈ ಮೇಜಿನ ಮೊದಲ ಕೋಣೆಯ ಸಂಖ್ಯೆ, ಕೀಲಿ ಎರಡೂ ಆ ಮೇಜಿನ ಮೊದಲ ಕೋಣೆಗೂ ಸಿಕ್ಕಿದೆ. ಎರಡನೆಯದು ಎರಡನೆಯದಕ್ಕೆ. ಎರಡೂ ಕಡೆ ಫೈಲುಗಳ ಕ್ರಮ ಒಂದೇ. ಮೇಜಿನ ಪರದೆ ತನ್ನ ಫೈಲಿನವರ ಮಾತನ್ನಷ್ಟೇ ತೋರಿಸುತ್ತದೆ, ಅದಕ್ಕೇ ಸಮಾಲೋಚಕಿಗೆ ಏನೂ ಕಾಣಲಿಲ್ಲ, ಫೋನುಗಳಿಗೋ ಕೋಣೆಯೊಳಗೆ ಬಿದ್ದದ್ದೆಲ್ಲ ಹೋಗುತ್ತದೆ. ಪ್ರತಿ ಹೆಂಡತಿಯನ್ನೂ ಅವಳು ಯಾರಿಂದ ಓಡಿ ಬಂದಳೋ ಅವನ ಜತೆಗೇ ಒಂದು ಕೋಣೆಯಲ್ಲಿ ಕೂಡಿಹಾಕಿದಂತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

"ಯಾರಿಗೂ ಏನೂ ಬರೀಬೇಡಿ" ಎಂದಳು ಅಕ್ಕ. "ಯಾರ ಕೋಣೇಲೂ ಒಂದಕ್ಷರ ಹಾಕ್ಬೇಡಿ."

ಸಮಾಲೋಚಕಿಯ ದನಿ ಇಳಿಯಿತು. "ಹಾಗಾದ್ರೆ ನಿಮಗೆ ಹೇಳ್ಲೇಬೇಕು. ಸಂಬಂಧಿಕರಿಗೆ ಹೇಳ್ಬಾರದು ಅಂತ ನಿಯಮ. ನಿಮ್ಮ ತಂಗಿ ಗಂಡ ನಮ್ಮ ಬೀದಿ ತರಕಾರಿ ಅಂಗಡಿ ಹತ್ರ ಓಡಾಡ್ತಿದ್ದ. ಅದಕ್ಕೇ ಇವತ್ತು ಅವಳನ್ನ ಬೇರೆ ಮನೆಗೆ ಕಳಿಸ್ತಿದ್ದೀವಿ. ಬೆಳಗ್ಗೇನೇ ಮಗು ಕರ್ಕೊಂಡು ಹೊರಟಿದ್ದಾಳೆ, ಬಸ್ಸಿಂದ ಬಸ್ಸಿಗೆ ಹತ್ತಿಳೀತಾ ಇರ್ತಾಳೆ. ಸಂಜೆ ಹೊತ್ತಿಗೆ ನಾನು ಹೊಸ ವಿಳಾಸ ಬರೀಬೇಕು."

"ಫೋನ್ ಮಾಡಿ ಹೇಳಿ."

"ಹಳೇ ಫೋನನ್ನ ಅವನು ಹಿಂಬಾಲಿಸ್ತಿದ್ದ, ಎಸೆದ್ವಿ. ಈಗಿರೋದು ನಾವು ಕೊಟ್ಟಿದ್ದು. ಅದಕ್ಕೆ ಕರೆ ಹೋಗಲ್ಲ. ನಿಮ್ಮ ಆ್ಯಪ್ ಒಂದೇ."

ಅಕ್ಕ ಎದ್ದು ಆಫೀಸಿನ ಯಜಮಾನನ ಕೋಣೆಗೆ ಹೋದಳು. ಅವನಿಗೂ ಒಂದು ಅಡ್ಡಹೆಸರಿದೆ, ಸಾವಕಾಶ. ಭೂಮಿ ಬಾಯ್ಬಿಟ್ಟರೂ ಮೊದಲು "ಸಾವಕಾಶ, ಸಾವಕಾಶ" ಎನ್ನುವ ಆಸಾಮಿ. ಕೆಟ್ಟವನಲ್ಲ. ಸರ್ವರು ಮುಚ್ಚುವ ಅಧಿಕಾರ ಅವನೊಬ್ಬನಿಗೇ ಇತ್ತು.

"ಈಗಿಂದೀಗ್ಲೇ ಮುಚ್ಬೇಕು ಸರ್."

"ಸಾವಕಾಶ. ಯಾರೋ ಒಬ್ಬ ಜ್ವರದ ವಿಷಯ ಕೇಳ್ದ ಅಂತ ಮುಚ್ಚೋಕಾಗುತ್ತಾ? ಎಷ್ಟು ಜನಕ್ಕೆ ಇದೊಂದೇ ಆಸರೆ ಅಂತ ನಿಮಗೆ ಗೊತ್ತಿಲ್ವಾ? ಮೊದಲು ಖಚಿತ ಮಾಡ್ಕೊಳ್ಳೋಣ."

ಅವನು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಂಕಟ. ಪರೀಕ್ಷೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಮನ್ನು ಎರಡು ಪ್ರತಿಯಾಗಿ ಚಾಲೂ ಮಾಡಿದಳು. ಅವಸರಕ್ಕೆ ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪು ಒತ್ತಿದಳು. ಕೊನೆಗೆ ಪರದೆಯ ಎಡಕ್ಕೆ ಒಂದು ಪ್ರತಿಯ ಕೀಲಿ ಬಂತು, ಬಲಕ್ಕೆ ಇನ್ನೊಂದರದು. ಸಾವಕಾಶ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ತಂದ. ಎಡಗೈ ಬೆರಳಿನಿಂದ ಎಡಗಡೆಯ ಅಂಕಿಗಳನ್ನೂ ಬಲಗೈ ಬೆರಳಿನಿಂದ ಬಲಗಡೆಯ ಅಂಕಿಗಳನ್ನೂ ಒಟ್ಟೊಟ್ಟಿಗೆ ಮುಟ್ಟುತ್ತ ಹೋದ. ಒಂದೂ ಬೇರೆಯಾಗಲಿಲ್ಲ. ಬೆರಳುಗಳು ಸಾಲಿನ ಕೊನೆ ಮುಟ್ಟುವ ಮೊದಲೇ ನಿಂತವು.

"ಮುಚ್ಚಿ" ಎಂದ. ಸಾವಕಾಶ ಎನ್ನಲಿಲ್ಲ.

ಈಗ ತಡವರಿಸಿದವಳು ಅಕ್ಕ. ಮುಚ್ಚಿದರೆ ತಂಗಿಗೆ ಯಾವ ಮಾತೂ ತಲುಪದು. ಕತ್ತಲಾಗುವ ತನಕ ಫೋನು ನೋಡಿ ನೋಡಿ, ಮಗು ಹಸಿದು ಅತ್ತಾಗ, ಅವಳು ಹೋಗುವುದು ಎಲ್ಲಿಗೆ? ಗೊತ್ತಿರುವ ಜಾಗಕ್ಕೆ. ಆಶ್ರಯದ ಬೀದಿಗೋ ಅಕ್ಕನ ಮನೆಗೋ. ಅವನು ಕಾಯುವುದೂ ಅಲ್ಲಿಯೇ. ಮುಚ್ಚುವ ಮೊದಲು ಒಂದು ಮಾತು ಹೋಗಲೇಬೇಕು. ಹೋದರೆ ಅದನ್ನು ಅವನೂ ಓದುತ್ತಾನೆ. ವಿಳಾಸ ಬರೆಯುವಂತಿಲ್ಲ, ಬಸ್‌ಸ್ಟ್ಯಾಂಡಿನ ಹೆಸರು ಬರೆಯುವಂತಿಲ್ಲ, ಅಂಗಡಿಯ ಗುರುತು ಹೇಳುವಂತಿಲ್ಲ. ಊರಿನಲ್ಲಿ ತಂಗಿಗೆ ಗೊತ್ತಿದ್ದು ಗಂಡನಿಗೆ ಗೊತ್ತಿಲ್ಲದ ಜಾಗ ಯಾವುದಿದೆ ಎಂದು ಹುಡುಕಿ ಹುಡುಕಿ ಅವಳ ತಲೆ ಬಿಸಿಯಾಯಿತು.

ಕಣ್ಣು ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿಯ ಮೇಲೆ ಬಿತ್ತು.

ಸಮಾಲೋಚಕಿಗೆ ಫೋನು ಮಾಡಿ, "ನಾನು ಹೇಳಿದ್ದನ್ನ ಹಾಗೇ ಬರೀರಿ. ಹೆಚ್ಚೂ ಬೇಡ, ಕಮ್ಮೀನೂ ಬೇಡ" ಎಂದಳು. "ಕೊಡ ಕಾಯ್ತಿದ್ದ ಕಡೆ ಹೋಗಿ ಕೂತಿರು. ಇಲ್ಲಿ ಇನ್ನೇನೂ ಬರೀಬೇಡ."

"ಯಾವ ಕೊಡ ಅಕ್ಕ?"

"ನಿಮಗೂ ಅರ್ಥ ಆಗ್ಲಿಲ್ವಲ್ಲ, ಅಷ್ಟು ಸಾಕು."

ಬರೆದದ್ದಾಯಿತು. ಇನ್ನು ಕಾಯಬೇಕು. ಮಾತನ್ನು ಆ ಕಡೆಯವರು ಓದಿದರೆ ಅದರ ಪಕ್ಕದಲ್ಲಿ ಒಂದು ಚಿಕ್ಕ ಗುರುತು ಮೂಡುತ್ತದೆ. ಆ ಗುರುತನ್ನು ಸೇರಿಸಿದವಳೂ ಅಕ್ಕನೇ, ಸಂಬಳ ತಗೊಂಡು. ಸಮಾಲೋಚಕಿ ಫೋನು ಹಿಡಿದೇ ಇದ್ದಳು. ಸಾವಕಾಶ ಮುಚ್ಚುವ ಗುಂಡಿಯ ಮೇಲೆ ಬೆರಳಿಟ್ಟು ಅಕ್ಕನ ಮುಖವನ್ನೇ ನೋಡುತ್ತಿದ್ದ. ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬಡಬಡ ಹೊಡೆದುಕೊಳ್ಳುತ್ತಿತ್ತು.

"ಗುರುತು ಬಂತು" ಎಂದಳು ಸಮಾಲೋಚಕಿ.

ಓದಿದ್ದಾಗಿದೆ. ಆದರೆ ಓದಿದ್ದು ಯಾರು? ಕೋಣೆ ಒಂದೇ, ಒಳಗಿರುವವರು ಇಬ್ಬರು, ಗುರುತು ಒಂದೇ. ತಂಗಿ ಓದಿದಳೋ, ಅವನು ಓದಿದನೋ? ಅದನ್ನು ಹೇಳುವ ಶಕ್ತಿ ಈ ಪ್ರಪಂಚದಲ್ಲಿ ಯಾರಿಗೂ ಇರಲಿಲ್ಲ. ಯಾರಿಗೂ ಕಾಣಬಾರದೆಂದು ಅಷ್ಟು ಬಿಗಿಯಾಗಿ ಕಟ್ಟಿದವಳು ಅವಳೇ ಅಲ್ಲವೇ. ಇನ್ನೂ ಸ್ವಲ್ಪ ಕಾಯೋಣವೆಂದು ಜೀವ ಎಳೆಯಿತು. ಅಷ್ಟರಲ್ಲಿ ಬೇರೆ ಯಾವ ಹೆಣ್ಣುಮಗಳು ಏನು ಬರೆದುಬಿಡುತ್ತಾಳೋ.

"ಮುಚ್ಚಿ ಸರ್" ಎಂದಳು.

ಉಳಿದ ಹೆಂಗಸರೆಲ್ಲ ಆಶ್ರಯದ ಒಳಗೇ ಇದ್ದರು. ಅವರ ಬಳಿಗೆ ಸಮಾಲೋಚಕಿ ತಾನೇ ಹೋಗಿ ಹೇಳುತ್ತೇನೆಂದಳು. ಹೊರಗಿದ್ದವಳು ಒಬ್ಬಳೇ.

ಅಕ್ಕ ಬಸ್ಸು ಹತ್ತಿದಳು. ಕೂರಲು ಜಾಗವಿದ್ದರೂ ಕೂರದೆ ಬಾಗಿಲ ಹತ್ತಿರ ನಿಂತಳು. ಹಿಂದಿನ ಬಾಗಿಲಿಂದ ಹತ್ತಿದ ಗಂಡಸರ ಮುಖಗಳನ್ನೆಲ್ಲ ನೋಡಿದಳು. ಒಂದು ನಿಲ್ದಾಣ ಮೊದಲೇ ಇಳಿದು, ಔಷಧಿ ಅಂಗಡಿಯೊಳಗೆ ಹೊಕ್ಕು, ಬೇಡದ ಮಾತ್ರೆಯ ಬೆಲೆ ಕೇಳಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಡೆದಳು. ಇಷ್ಟು ವರ್ಷ ಬೇರೆಯವರ ಮಾತು ಬಚ್ಚಿಡುವ ಕೆಲಸ ಮಾಡಿದವಳಿಗೆ ತಾನೇ ಬಚ್ಚಿಟ್ಟುಕೊಂಡು ನಡೆಯುವುದು ಗೊತ್ತಿರಲಿಲ್ಲ, ಚಪ್ಪಲಿ ಸದ್ದಿಗೂ ಬೆಚ್ಚುತ್ತಿದ್ದಳು.

ದಾರಿಯುದ್ದಕ್ಕೂ ಅಮ್ಮನೇ ನೆನಪಾದಳು. ಪಕ್ಕದ ಮನೆಗೆ ಕೊಡ ಎರವಲು ಕೊಡುವಾಗ ಅಮ್ಮ ಅದರಲ್ಲಿದ್ದ ನೀರನ್ನು ಗಿಡಕ್ಕೆ ಚೆಲ್ಲಿ, ಬರಿದು ಮಾಡಿಯೇ ಕೊಡುತ್ತಿದ್ದಳು. ಅವರವರ ನೀರು ಅವರವರು ತುಂಬಿಕೊಳ್ಳಲಿ ಎನ್ನುತ್ತಿದ್ದಳು. ಪ್ರತಿ ಮಾಡುವಾಗ ಮಾಡಬೇಕಿದ್ದದ್ದೂ ಅಷ್ಟೇ. ಹಳೆಯ ತೊಟ್ಟಿ ಬರಿದು ಮಾಡಿ, ಒಂದೊಂದು ಪ್ರತಿಗೂ ಹೊಸದಾಗಿ ತುಂಬಿಕೊಳ್ಳಲು ಹೇಳಬೇಕಿತ್ತು. ಅಮ್ಮ ತುಂಬುತ್ತಿದ್ದದ್ದು ಅವಳಿಗೆ ನೆನಪಿತ್ತು, ಚೆಲ್ಲುತ್ತಿದ್ದದ್ದು ಮರೆತೇಹೋಗಿತ್ತು.

ಓಣಿ ಗುರುತು ಸಿಗದಷ್ಟು ಬದಲಾಗಿತ್ತು. ಹಂಚಿನ ಮನೆಗಳು ಹೋಗಿ ಮಹಡಿಗಳು ಎದ್ದಿದ್ದವು. ಮೂಲೆಯಲ್ಲಿ ನಲ್ಲಿಯ ಕೊಳವೆ ಮಾತ್ರ ತುಕ್ಕು ಹಿಡಿದು ಹಾಗೆಯೇ ನಿಂತಿತ್ತು, ತಿರುಪೇ ಇರಲಿಲ್ಲ. ಕಟ್ಟೆ ಇತ್ತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಅಕ್ಕ ಕಟ್ಟೆಗೆ ಕೈ ಊರಿ ನಿಂತಳು. ಗುರುತು ಮೂಡಿಸಿದ್ದು ಅವನೇ ಇರಬೇಕು. ಅವಳು ಓದಲೇ ಇಲ್ಲ. ಬಿಸಿಲು ಗೋಡೆ ಹತ್ತುತ್ತಿತ್ತು. ಒಬ್ಬ ಮುದುಕ ಸೈಕಲ್ಲು ತಳ್ಳಿಕೊಂಡು ಹೋದ. ಎದುರು ಮಹಡಿಯ ಹೆಂಗಸೊಬ್ಬಳು ಒಣಗಿದ ಬಟ್ಟೆ ತೆಗೆದು ಒಳಗೆ ಹೋದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಜಡೆ ಹಿಡಿದು ಮೆಲ್ಲಗೆ ಎಳೆದರು.

ಅಕ್ಕ ಕೂಗಲಿಲ್ಲ. ತಿರುಗಿ ತಬ್ಬಿಕೊಂಡಳು. ತಂಗಿ ಎದುರಿನ ಮನೆಯ ಮೆಟ್ಟಿಲ ಹಿಂದೆ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಅಡಗಿದ್ದಳಂತೆ. ಬರುವವರು ಯಾರೆಂದು ನೋಡಿಕೊಂಡು ಹೊರಗೆ ಬಂದಿದ್ದಳು. ಮಗು ನಿದ್ದೆಗಣ್ಣಿನಲ್ಲಿ ದೊಡ್ಡಮ್ಮನ ಸೆರಗು ಹಿಡಿದುಕೊಂಡಿತು.

"ಬೆಳಗ್ಗೆಯಿಂದ ಇದರಲ್ಲಿ ಅವನ ಮಾತೇ ಬರ್ತಿತ್ತು ಅಕ್ಕ" ಎಂದಳು ತಂಗಿ. ದನಿ ಗಟ್ಟಿಯಾಗಿರಲಿಲ್ಲ. "ಅವಳೆಲ್ಲಿದಾಳೆ ಹೇಳಿ, ಇವತ್ತು ಬಿಡಲ್ಲ ಅಂತ. ಕೇಂದ್ರದವರೇ ನನ್ನ ಅವನಿಗೆ ಒಪ್ಪಿಸ್ತಿದ್ದಾರೆ ಅಂದ್ಕೊಂಡೆ. ಫೋನು ಚರಂಡಿಗೆ ಎಸೆಯೋಕೆ ಕೈ ಎತ್ತಿದ್ದೆ. ಆಗ ಕೊಡದ ಮಾತು ಬಂತು. ಇದು ನೀನೇ ಅಂತ ಗೊತ್ತಾಯ್ತು."

ಫೋನನ್ನು ಅಕ್ಕನ ಕೈಗೆ ಕೊಟ್ಟಳು. ಕೊಡದ ಮಾತಿನ ಕೆಳಗೆ, ಸರ್ವರು ಮುಚ್ಚುವ ಮೊದಲು ನುಸುಳಿ ಬಂದ ಅವನ ಒಂದೇ ಸಾಲಿತ್ತು.

ಯಾವ ಕೊಡ? ಎಲ್ಲಿ?

ಅಕ್ಕ ಅದನ್ನು ಓದಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೇಳದೆ ಇರಲು ಆಗಲಿಲ್ಲ. "ನಾನು ಮಾಡಿದ್ದು ಕಣೇ ಇದು. ನೀನು ಕಾಯ್ಬಾರದು ಅಂತ ಎಲ್ಲ ಮೊದಲೇ ತುಂಬಿಸಿಟ್ಟೆ. ಅದರಿಂದಾನೇ ಅವನಿಗೆ ಬಾಗಿಲು ತೆರೀತು."

ತಂಗಿ ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಮಗುವಿನ ತಲೆಗೂದಲು ಸರಿಮಾಡುತ್ತ ಅಂದಳು, "ಬೆಳಗ್ಗೆ ಕೋಣೆ ತಕ್ಷಣ ತೆರೀತು ಅಕ್ಕ. ಚಕ್ರ ಸುತ್ತಲೇ ಇಲ್ಲ. ಎಷ್ಟು ಖುಷಿಯಾಯ್ತು ಗೊತ್ತಾ, ಸಿಕ್ಕಾಗ ನಿಂಗೆ ಹೇಳ್ಬೇಕು ಅಂದ್ಕೊಂಡಿದ್ದೆ."

ಅಕ್ಕನಿಗೆ ಅಳು ತಡೆಯಲಾಗಲಿಲ್ಲ.

ಅಕ್ಕ ಸಮಾಲೋಚಕಿಗೆ ಫೋನು ಮಾಡಿ ಓಣಿಯ ದಾರಿ ಹೇಳಿದಳು. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಹಳೆಯ ಕಾರು ಬಂದು ನಿಂತಿತು. ತಂಗಿ ಮಗಳನ್ನೆತ್ತಿಕೊಂಡು ಹೊರಟಳು. ಹೊಸ ಮನೆ ಯಾವ ದಿಕ್ಕಿನಲ್ಲಿದೆ ಎಂಬುದು ಸಂಬಂಧಿಕರಿಗೆ ಗೊತ್ತಾಗಬಾರದು ಎಂಬ ನಿಯಮ ಹಾಗೆಯೇ ಇತ್ತು. ಅಕ್ಕ ಕಾರಿಗೆ ಬೆನ್ನು ಮಾಡಿ, ನಲ್ಲಿಯ ಕಡೆಗೆ ಮುಖ ಮಾಡಿ ನಿಂತಳು. ಕಾರು ಎಡಕ್ಕೆ ತಿರುಗಿತೋ ಬಲಕ್ಕೋ ಎಂದು ಕಿವಿಗೂ ಗೊತ್ತಾಗದಿರಲೆಂದು ಎರಡು ಕೈಗಳಿಂದಲೂ ಕಿವಿ ಮುಚ್ಚಿಕೊಂಡಳು.